ಕಂಪ್ಯೂಟರಿನಲ್ಲಿ ಆರೋಗ್ಯ ದಾಖಲೆ: ಗುಣಗಳು ಮತ್ತು ಕೊರತೆಗಳು

ರೋಗಿಯ ಹಿಂದಿನ ವೃತ್ತಾಂತವನ್ನು ಅರಿಯದೆ ನೀಡುವ ಚಿಕಿತ್ಸೆಯು ಕತ್ತಲೆಯಲ್ಲಿ ದಾರಿ ತಡವಿದಂತೆ. ರಕ್ತದ ಗುಂಪು, ಮೈಗೆ ಒಗ್ಗದ ಔಷಧಿ, ಹಾಕಿಸಿದ ಲಸಿಕೆ, ಹಿಂದಿನ ಹೆರಿಗೆಯಲ್ಲಿ ಉಂಟಾದ ತೊಡಕು ಇವೆಲ್ಲವೂ ವೈದ್ಯರಿಗೆ ತಿಳಿದಿರುವುದು ಅತ್ಯವಶ್ಯಕ. ಈ ವಿವರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವುದಕ್ಕೆ ವಿದ್ಯುನ್ಮಾನ ಆರೋಗ್ಯ ದಾಖಲೆ ಎಂದು ಹೆಸರು. ಕೇಂದ್ರ ಸರ್ಕಾರವು ಇದಕ್ಕೆ ಬೇಕಾದ ಮಾನದಂಡಗಳನ್ನು 2013ರಲ್ಲಿ ಪ್ರಕಟಿಸಿ, 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು. ಇದರ ಅನ್ವಯ ಇಚ್ಛಿಸಿದವರಿಗೆ 14 ಅಂಕಿಗಳ 'ಆಭಾ' ಸಂಖ್ಯೆ ದೊರೆಯುತ್ತದೆ. ಇದನ್ನು ಪಡೆಯುವುದು ಕಡ್ಡಾಯವಲ್ಲ.

ಅನುಕೂಲಗಳು

ಕೊಡಗಿನಂತಹ ಗುಡ್ಡಗಾಡು ಜಿಲ್ಲೆಗೆ ಈ ವ್ಯವಸ್ಥೆಯಿಂದ ವಿಶೇಷ ಪ್ರಯೋಜನವುಂಟು. ಕಠಿಣ ಸಂದರ್ಭಗಳಲ್ಲಿ ರೋಗಿಯನ್ನು ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಕಳುಹಿಸಬೇಕಾಗುತ್ತದೆ. ಅವಸರದಲ್ಲಿ ಹೊರಟವರು ಚೀಟಿಗಳನ್ನು ಮರೆಯುವುದು ಸಹಜ. ಉದಾಹರಣೆಗೆ, ತಾಯಿಯ ರಕ್ತವು ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ, ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ಆಂಟಿ-ಡಿ ಚುಚ್ಚುಮದ್ದು ಕೊಡಿಸಬೇಕು. ಇದು ತಪ್ಪಿದಲ್ಲಿ ಮುಂದಿನ ಮಗುವಿನ ಪ್ರಾಣಕ್ಕೆ ಅಪಾಯ ಒದಗಬಹುದು. ದಾಖಲೆಯು ಕೂಡಲೇ ದೊರೆತರೆ ಇಂತಹ ಲೋಪಕ್ಕೆ ಅವಕಾಶ ಕಡಿಮೆ.

ಕಾಫಿ ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಕುಟುಂಬಗಳು ಕೆಲಸ ಅರಸಿ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ. ಮಗುವಿಗೆ ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಇದೆ ಎಂಬುದು ಹೊಸ ಊರಿನ ಆರೋಗ್ಯ ಕಾರ್ಯಕರ್ತೆಗೂ ತಿಳಿಯುವಂತಾದರೆ ಲಸಿಕೆ ತಪ್ಪದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜಿಲ್ಲೆಯ ಅನೇಕ ಮನೆಗಳು ನಾಶವಾದವು. ಮನೆಯೇ ಹೋದಾಗ ಪೆಟ್ಟಿಗೆಯೊಳಗಿನ ಕಾಗದ ಉಳಿಯುವುದೆಂತು?

ಅನಾನುಕೂಲಗಳು

ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ನಿಂತರೆ, ಮೊಬೈಲ್ ಸಂಪರ್ಕ ಕಡಿದರೆ, ಕಂಪ್ಯೂಟರಿನ ದಾಖಲೆ ಕೈಗೆಟುಕದು. ಒಮ್ಮೆ ತಪ್ಪಾಗಿ ಬರೆದ ರಕ್ತದ ಗುಂಪು ಎಲ್ಲ ಆಸ್ಪತ್ರೆಗಳಲ್ಲಿಯೂ ತಪ್ಪಾಗಿಯೇ ಕಾಣುತ್ತದೆ. ವೈದ್ಯರ ದೃಷ್ಟಿ ರೋಗಿಯ ಮುಖ ಬಿಟ್ಟು ಪರದೆಯ ಮೇಲೆಯೇ ನಿಲ್ಲುವ ಸಂಭವವೂ ಉಂಟು.

ಗೋಪ್ಯತೆಯ ಪ್ರಶ್ನೆ ಇವೆಲ್ಲಕ್ಕಿಂತ ಮಿಗಿಲಾದುದು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳು ಸೈಬರ್ ದಾಳಿಗೆ ತುತ್ತಾಗಿ, ಹಲವು ದಿನ ಕೆಲಸವನ್ನು ಕೈಬರಹದಲ್ಲಿ ನಡೆಸಬೇಕಾಯಿತು. ವ್ಯಕ್ತಿಗಳ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಕಾಯಿದೆ ಮಾಡಿದೆ. ಆದರೂ ಮಹಿಳೆಯೊಬ್ಬಳು ತೋಟದ ರೈಟರ್ ಅಥವಾ ನೆರೆಯವರ ಮೊಬೈಲ್ ಸಂಖ್ಯೆ ಕೊಟ್ಟಿದ್ದರೆ, ಆಕೆಯ ಗರ್ಭನಿರೋಧಕ ಕ್ರಮದ ವಿವರ ಪರರ ಕೈಗೆ ಸಿಕ್ಕೀತು.

ನೀವು ಅನುಸರಿಸಬೇಕಾದ ಕ್ರಮಗಳು

1. ತಾಯಿ ಕಾರ್ಡು ಹಾಗೂ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಡಿರಿ. ಕಂಪ್ಯೂಟರ್ ಇದೆಯೆಂದು ಬಿಸಾಡಬೇಡಿರಿ.
2. ನಿಮ್ಮದೇ ಅಥವಾ ನಿಮಗೆ ಪೂರ್ಣ ನಂಬಿಕೆಯುಳ್ಳವರ ಮೊಬೈಲ್ ಸಂಖ್ಯೆಯನ್ನೇ ಬರೆಯಿಸಿರಿ.
3. ಬರೆದುದನ್ನು ಓದಿಸಿ ಕೇಳಿರಿ. ತಪ್ಪಿದ್ದರೆ ಆಗಲೇ ತಿದ್ದಿಸಿರಿ.
4. ದಾಖಲೆ ತೋರಿಸಲು ಒಪ್ಪಿಗೆ ಕೊಡುವ ಮುನ್ನ ಯಾರಿಗೆ, ಏತಕ್ಕೆ ಎಂದು ವಿಚಾರಿಸಿರಿ. ಓಟಿಪಿಯನ್ನು ಅಪರಿಚಿತರಿಗೆ ಹೇಳಬೇಡಿರಿ.

ದಾಖಲೆಯನ್ನು ಬರೆಯುವವರು ಯಾರೇ ಆಗಿರಲಿ, ಅದು ನಿಮ್ಮ ಆರೋಗ್ಯದ ಕಥೆ. ಸಂದೇಹವಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಂಕೋಚವಿಲ್ಲದೆ ಕೇಳಿ ತಿಳಿಯಿರಿ.