ಭಾರ ಬಿದ್ದಾಗ ಉಸಿರುಗಟ್ಟುವ ಹಳೆಯ ಟ್ರ್ಯಾಕ್ಟರು

ಕೋಲ್ಕತ್ತದ ಪಾರ್ಕ್ ಸ್ಟ್ರೀಟು ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯನ್ನು ಸಂಧಿಸುವ ಎಡೆಯಲ್ಲಿ, 1767ರಲ್ಲಿ ಆರಂಭವಾದ ಆಂಗ್ಲರ ಪುರಾತನ ಸ್ಮಶಾನದಿಂದ ಅನತಿದೂರದಲ್ಲಿ, ಮಲ್ಲಿಕ್ ಬಜಾರ್ ಎಂಬ ಪೇಟೆಯುಂಟು; ಮೃತವಾಹನಗಳ ಅವಯವಗಳೆಲ್ಲ ಪುನರ್ಜನ್ಮವನ್ನು ನಿರೀಕ್ಷಿಸುತ್ತ ರಾಶಿಬಿದ್ದಿರುವ ಆ ಪೇಟೆಗೂ ಈ ಸ್ಮಶಾನಕ್ಕೂ ಒದಗಿರುವ ನೆರೆಹೊರೆ ಬರಿಯ ಆಕಸ್ಮಿಕವೇ ಆದರೂ ಸ್ವಾರಸ್ಯವಾದದ್ದು. ಯಂತ್ರ ಕೆಟ್ಟೊಡನೆ ಭಾಗವನ್ನು ಬದಲಿಸಿದರೆ ಸಾಕೆಂಬ ನಂಬಿಕೆಯೇ ಇಂಥ ಪೇಟೆಗಳ ಜೀವಾಳ. ಆದರೆ ಹಳೆಯ ಟ್ರ್ಯಾಕ್ಟರಿನ ಒಂದು ವ್ಯಾಧಿಯ ಮಟ್ಟಿಗೆ ಆ ನಂಬಿಕೆ ರೈತನ ಹಣವನ್ನು ವ್ಯರ್ಥವಾಗಿ ತಿನ್ನುತ್ತದೆ.

ಕೋಲ್ಕತ್ತದ ವಾಯವ್ಯಕ್ಕಿರುವ ಹೂಗ್ಲಿ ಜಿಲ್ಲೆ ಆಲೂಗಡ್ಡೆಯ ಸೀಮೆ. ಭತ್ತದ ಕೊಯ್ಲಾದ ಬಳಿಕ ನವೆಂಬರಿನಲ್ಲಿ ಬಿತ್ತಿದ ಗಡ್ಡೆಯನ್ನು ಫೆಬ್ರವರಿ, ಮಾರ್ಚಿನಲ್ಲಿ ಅಗೆದು, ಸಿಂಗೂರು, ತಾರಕೇಶ್ವರಗಳ ಸುತ್ತಿನ ಶೀತಲಗೃಹಗಳಿಗೆ ಮೂಟೆಮೂಟೆಯಾಗಿ ಸಾಗಿಸುವ ಆ ಕಾಲದಲ್ಲಿ, ಮನೆಯಂಗಳದಲ್ಲಿ ಸರಾಗವಾಗಿ ಗುಡುಗುಡಿಸುತ್ತಿದ್ದ ಟ್ರ್ಯಾಕ್ಟರು ತುಂಬಿದ ಟ್ರೈಲರನ್ನೆಳೆದುಕೊಂಡು ಸೇತುವೆಯ ಏರನ್ನು ಹತ್ತುವ ಹೊತ್ತಿಗೆ ಮುಗ್ಗರಿಸಿ, ದನಿ ಕುಗ್ಗಿ, ನಿಂತೇಹೋಗುವುದುಂಟು. ಮಂಡ್ಯದ ಕಬ್ಬಿನ ಗಾಡಿಗೂ ಇದೇ ಗತಿ. ನಮ್ಮ ಚಾಲಕರು ಇದನ್ನು ‘ಇಂಜಿನ್ ಲೋಡ್ ತಗೋತಿಲ್ಲ’ ಎಂದುಬಿಡುತ್ತಾರೆ. ಕೇಳಿದ ಮೆಕ್ಯಾನಿಕನ ಕೈ ಒಡನೆಯೇ ಇಂಧನದ ಪಂಪಿನತ್ತ ಹೋಗುತ್ತದೆ. ಅವಸರ ಮಾಡಬಾರದ ಸ್ಥಳವೆಂದರೆ ಅದೇ.

ಖಾಲಿ ಓಟ ಏಕೆ ವಂಚಿಸುತ್ತದೆಂಬುದನ್ನು ಮೊದಲು ಅರಿಯಬೇಕು. ಸುಮಾರು 35 ಅಶ್ವಶಕ್ತಿಯ ಇಂಜಿನ್ ನಿಂತಲ್ಲೇ ಮೆಲ್ಲಗೆ ಓಡುವಾಗ ಗಂಟೆಗೆ ಒಂದು ಲೀಟರಿನ ಆಸುಪಾಸು ಡೀಸೆಲ್ ಕುಡಿದರೆ, ಪೂರ್ಣಭಾರದಲ್ಲಿ 6ರಿಂದ 8 ಲೀಟರ್ ಬೇಡುತ್ತದೆ. ಪ್ರತಿಯೊಂದು ಲೀಟರ್ ಡೀಸೆಲ್ ದಹಿಸಲು 10,000 ಲೀಟರಿಗೂ ಅಧಿಕ ಗಾಳಿ ಬೇಕು. ಭಾರ ಹೆಚ್ಚಿ ವೇಗ ತಗ್ಗಿದೊಡನೆ ಗವರ್ನರ್ ಎಂಬ ನಿಯಂತ್ರಕವು ಹೆಚ್ಚು ಇಂಧನ ಬಿಡುವಂತೆ ಪಂಪಿಗೆ ಆಜ್ಞಾಪಿಸುವುದೇನೋ ನಿಜ, ಆದರೆ ಪಂಪಿಗೇ ಇಂಧನ ಬಾರದಿದ್ದರೆ ಆ ಆಜ್ಞೆ ನಿಷ್ಫಲ. ಅರ್ಧ ಮುಚ್ಚಿದ ನಳಿಕೆ ಒಂದು ಲೀಟರಿಗೆ ಸಾಕಾಗುತ್ತದೆ, ಏಳಕ್ಕೆ ಸಾಲದು.

ಇಂಜಿನ್ನಿನ ವೇಗ ಕುಗ್ಗದೆ ಗಾಡಿ ಮಾತ್ರ ನಿಂತರೆ ದೋಷ ಕ್ಲಚ್ಚಿನದು. ವೇಗವೇ ಕುಸಿದರೆ ಹೊಗೆಯನ್ನು ನೋಡಬೇಕು. ದಟ್ಟವಾದ ಕಪ್ಪುಹೊಗೆಯಿದ್ದರೆ ಗಾಳಿಯ ಕೊರತೆ, ಇಲ್ಲವೇ ಡೀಸೆಲ್ ಸಿಂಪಡಿಸುವ ನಾಜಲಿನ ದೋಷ. ನೀಲಿಯಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಕಾದ ಇಂಜಿನ್ ಬಿಳಿಹೊಗೆ ಉಗುಳಿದರೆ ಡೀಸೆಲಿಗೆ ನೀರು ಬೆರೆತಿರಬಹುದು, ಅಥವಾ ದಹನ ಅಪೂರ್ಣವಾಗಿರಬಹುದು. ಹೊಗೆಯೇ ಹೆಚ್ಚದೆ ಶಕ್ತಿ ಉಡುಗುವುದಾದರೆ ಇಂಜಿನ್ ಉಪವಾಸವಿದೆಯೆಂದೇ ತಿಳಿಯತಕ್ಕದ್ದು.

ಉಪವಾಸದ ಕಾರಣವನ್ನು ಟ್ಯಾಂಕಿನಿಂದ ಆರಂಭಿಸಿ ಹುಡುಕಬೇಕು. ಅದರ ಮುಚ್ಚಳದಲ್ಲೊಂದು ಸಣ್ಣ ಗಾಳಿರಂಧ್ರವಿರುತ್ತದೆ. ಎಣ್ಣೆಯ ಡಬ್ಬಿಗೆ ಒಂದೇ ತೂತು ಕೊರೆದರೆ ಎಣ್ಣೆ ಹೇಗೆ ಸರಾಗವಾಗಿ ಸುರಿಯದೋ, ಹಾಗೆಯೇ ಈ ರಂಧ್ರ ಧೂಳಿನಿಂದ ಮುಚ್ಚಿದರೆ ಡೀಸೆಲ್ ಇಳಿಯುವುದಿಲ್ಲ. ಇಂಜಿನ್ ಮುಗ್ಗರಿಸಿದೊಡನೆ ಗಾಡಿ ನಿಲ್ಲಿಸಿ ಮುಚ್ಚಳ ಸಡಿಲಿಸಿದಾಗ ಸುಯ್ಯೆಂದು ಗಾಳಿ ಒಳನುಗ್ಗಿ, ಬಳಿಕ ಶಕ್ತಿ ಮರಳಿತೆಂದರೆ, ಕಾಸಿಲ್ಲದೆ ರೋಗ ಪತ್ತೆಯಾದಂತೆ. ಅಲ್ಲಿಂದ ಮುಂದೆ ಟ್ಯಾಂಕಿನ ತಳದ ಜಾಲರಿ, ಕಸ ತಂಗುವ ಗಾಜಿನ ಬಟ್ಟಲು, ಫೀಡ್ ಪಂಪು, ಎರಡು ಫಿಲ್ಟರುಗಳು. ಬಂಗಾಳದ ಆರ್ದ್ರ ಹವೆಯಲ್ಲಿ, ಅಂತೆಯೇ ನಮ್ಮ ಮಲೆನಾಡಿನಲ್ಲಿಯೂ, ಅರ್ಧ ತುಂಬಿದ ಟ್ಯಾಂಕಿನ ಒಳಮೈಯಲ್ಲಿ ರಾತ್ರಿಯ ತಂಪಿಗೆ ನೀರು ಹನಿಗಟ್ಟಿ ತಳಸೇರುತ್ತದೆ. ಆದ್ದರಿಂದ ಸಂಜೆಯೇ ಟ್ಯಾಂಕು ತುಂಬಿಸಿಡುವ ಹಳೆಯ ಚಾಲಕರ ಅಭ್ಯಾಸ ಬಹಳ ವಿವೇಕದ್ದು. ಇನ್ನು ಸಡಿಲವಾದ ನಟ್ಟು, ಬಿರುಕುಬಿಟ್ಟ ವಾಷರುಗಳ ಮೂಲಕ ಹೊರಗಿನ ಗಾಳಿ ಕೊಳವೆಯನ್ನು ಹೊಕ್ಕರೆ, ಡೀಸೆಲ್ ಹೊರಗೆ ಒಂದು ಹನಿಯೂ ಸೋರದೆಯೇ ‘ಏರ್ ಹಿಡಿಯುತ್ತದೆ’. ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತಿದಾಗ, ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಶುದ್ಧವಾದ ಧಾರೆ ಬರುತ್ತದೆ. ಧಾರೆ ಬಂದ ಬಳಿಕವೇ ತಿರುಪನ್ನು ಬಿಗಿಯಬೇಕು. ಮರುದಿನವೂ ನೊರೆ ಬಂದರೆ ಸೋರುವ ಸಂದನ್ನು ಇನ್ನೂ ಹುಡುಕಿಲ್ಲವೆಂದರ್ಥ.

ಕಪ್ಪುಹೊಗೆಯ ಗಾಡಿಯಲ್ಲಿ ಏರ್ ಕ್ಲೀನರಿನ ಎಣ್ಣೆಬಟ್ಟಲನ್ನು ಕಳಚಿ ನೋಡಿದರೆ, ಒಕ್ಕಣೆಯ ಹೊಟ್ಟು, ಹೊಲದ ಧೂಳು ಬೆರೆತು ಎಣ್ಣೆ ಕೆಸರಾಗಿರುವುದು ಸಾಮಾನ್ಯ. ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ತುಂಬಿದರಾಯಿತು.

ಇಷ್ಟೆಲ್ಲವೂ ಸರಿಯಿದ್ದ ಮೇಲೆ ಮಾತ್ರ ನಾಜಲು, ವಾಲ್ವಿನ ಅಂತರ, ಕಂಪ್ರೆಷನ್, ಪಂಪುಗಳ ಸರದಿ. ನಮ್ಮ ದೇಶದ ಇಂಥ ಹಳೆಯ ಟ್ರ್ಯಾಕ್ಟರುಗಳಲ್ಲಿ ಅನೇಕವಕ್ಕೆ ಇಂಧನದ ಪಂಪು ಒದಗಿಸಿದ್ದು 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆ; 2008ರಿಂದ ಆ ಸಂಸ್ಥೆಯ ಹೆಸರು ಬಾಷ್. ಆ ಪಂಪಿನೊಳಗಿನ ಪ್ಲಂಜರು ಮತ್ತು ಬ್ಯಾರೆಲುಗಳ ನಡುವಣ ಅಂತರ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಪರೀಕ್ಷಾಯಂತ್ರವಿಲ್ಲದ ಶೆಡ್ಡಿನಲ್ಲಿ, ಶಕ್ತಿ ಹೆಚ್ಚಿಸುವೆನೆಂದು ಅದರ ಸೀಲು ಒಡೆದು ತಿರುಪು ತಿರುಗಿಸುವವನನ್ನು ನಾನಂತೂ ಮೆಕ್ಯಾನಿಕನೆಂದು ಕರೆಯಲಾರೆ. ಅವನಿಂದ ಹೆಚ್ಚುವುದು ಹೊಗೆ ಮತ್ತು ಡೀಸೆಲಿನ ಖರ್ಚು ಮಾತ್ರ.

ನಾಜಲನ್ನು ಬಿಚ್ಚಿ ಸಿಂಪರಣೆ ಪರೀಕ್ಷಿಸುವವರು ಅದರ ಮುಂದೆ ಕೈಯೊಡ್ಡಲೇಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನು ಭೇದಿಸಿ ಮಾಂಸವನ್ನು ಹೊಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ, ನೋವಿಲ್ಲದಿದ್ದರೂ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿರಿ.