ಉಪಗುತ್ತಿಗೆದಾರನ ಅಂದಾಜು

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ದಾರಿಯಲ್ಲಿ ಯಾವುದಾದರೊಂದು ಸರಕಾರಿ ಕಟ್ಟಡ ಏಳುತ್ತಿದ್ದರೆ ಅದರ ಮುಂದೆ ಒಂದು ಫಲಕ ನಿಂತಿರುತ್ತದೆ. ಕಾಮಗಾರಿಯ ಹೆಸರು, ಇಲಾಖೆಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರನ ಹೆಸರು, ಮುಗಿಸಬೇಕಾದ ಅವಧಿ, ಇವಿಷ್ಟು ಅದರ ಮೇಲೆ. ದಾರಿಹೋಕರು ಮೊತ್ತವನ್ನು ಓದಿ ಹುಬ್ಬೇರಿಸಿ ಮುಂದೆ ಸಾಗುತ್ತಾರೆ. ಅದೇ ಹೊತ್ತಿಗೆ ಪಾಯದ ತಗ್ಗಿನಲ್ಲಿ ಇಳಿದು, ದಾರ ಹಿಡಿದು, ಗೌಂಡಿಗಳಿಗೆ ಅಳತೆ ಹೇಳುತ್ತಿರುವ ಮನುಷ್ಯನ ಹೆಸರು ಮಾತ್ರ ಬಹುಮಟ್ಟಿಗೆ ಆ ಫಲಕದ ಮೇಲೆ ಇರುವುದಿಲ್ಲ. ಆತ ಉಪಗುತ್ತಿಗೆದಾರ. ಜನರ ಬಾಯಲ್ಲಿ 'ಸಬ್ ಕಾಂಟ್ರ್ಯಾಕ್ಟರ್'. ಆತ ತನ್ನ ದರವನ್ನು ಹೇಗೆ ಗೊತ್ತು ಮಾಡುತ್ತಾನೆ, ಎಲ್ಲಿ ತಪ್ಪುತ್ತಾನೆ ಎಂಬುದೇ ಇಂದಿನ ನನ್ನ ವಿಷಯ. ನನಗೆ ಇದರ ಪರಿಚಯವಾದದ್ದು ಪುಸ್ತಕದಿಂದಲ್ಲ. ನನ್ನ ಸೋದರಮಾವ ಕಲ್ಲುಕಟ್ಟಡದ ಉಪಗುತ್ತಿಗೆ ಹಿಡಿಯುತ್ತಿದ್ದರು. ಕಾಲೇಜಿನ ರಜೆಗಳಲ್ಲಿ ಅವರ ಲೆಕ್ಕ ಬರೆಯುವ ಕೆಲಸ ನನ್ನದಾಗಿತ್ತು.

ಸರಕಾರ ಟೆಂಡರು ಕರೆಯುತ್ತದೆ, ಗೆದ್ದವನು ಮೂಲ ಗುತ್ತಿಗೆದಾರನಾಗುತ್ತಾನೆ. ಆತ ಮಣ್ಣಗೆತವನ್ನು ಒಬ್ಬನಿಗೆ, ಕಲ್ಲುಕಟ್ಟಡವನ್ನು ಇನ್ನೊಬ್ಬನಿಗೆ, ಕಬ್ಬಿಣ ಕಟ್ಟುವುದನ್ನು ಮತ್ತೊಬ್ಬನಿಗೆ ಹಂಚುತ್ತಾನೆ. ಮೊದಲನೆಯ ವ್ಯವಹಾರಕ್ಕೆ ಕಾಯಿದೆಯ ಬೆಳಕಿದೆ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಗಾಗಿ 1999ರ ಅಧಿನಿಯಮವಿದ್ದು ಅದು 2000ರಿಂದ ಜಾರಿಯಲ್ಲಿದೆ. ಪ್ರಕಟಣೆ, ತಾಂತ್ರಿಕ ಲಕೋಟೆ, ದರದ ಲಕೋಟೆ, ಮೇಲ್ಮನವಿ, ಎಲ್ಲಕ್ಕೂ ನಿಯಮವುಂಟು. ಮೊದಲು ಪೆಟ್ಟಿಗೆಯೊಳಗೆ ಬೀಳುತ್ತಿದ್ದ ಲಕೋಟೆಗಳು ಈಗ ಕಂಪ್ಯೂಟರಿನಲ್ಲಿ ತೆರೆಯುತ್ತವೆ. ಎರಡನೆಯ ವ್ಯವಹಾರ ಹಾಗಲ್ಲ. ಅದು ಬಹಳ ಸಲ ಚಹದಂಗಡಿಯಲ್ಲಿ, ಒಂದು ಹಾಳೆಯ ಮೇಲೆ, ಕೆಲವೊಮ್ಮೆ ಹಾಳೆಯೂ ಇಲ್ಲದೆ ನಡೆಯುತ್ತದೆ. ಕರಾರು ಯಾರ ಯಾರ ನಡುವೆ ಆಗಿದೆಯೋ ಅವರ ನಡುವೆ ಮಾತ್ರ ಹಕ್ಕು ಎಂಬ ತತ್ವವನ್ನು ನಮ್ಮ ನ್ಯಾಯಾಲಯಗಳು ಒಪ್ಪಿಕೊಂಡು ಬಂದಿವೆ. ಎಂದರೆ, ಹಣ ಬಾರದಿದ್ದಾಗ ಉಪಗುತ್ತಿಗೆದಾರ ಇಲಾಖೆಯ ಬಾಗಿಲು ಬಡಿಯಲಾರ. ಇಲಾಖೆಯ ಮಟ್ಟಿಗೆ ಅವನು ಇಲ್ಲವೇ ಇಲ್ಲ. ಕಟ್ಟಿದ್ದು ಅವನೇ ಆದರೂ ಕೆಲಸ ಮುಗಿಸಿದ ಪ್ರಮಾಣಪತ್ರವೂ ಅವನ ಹೆಸರಿಗೆ ಬರುವುದಿಲ್ಲ. ಆದುದರಿಂದ ನಾಳೆ ತಾನೇ ಮೇಲಿನ ದರ್ಜೆಯ ಗುತ್ತಿಗೆದಾರನಾಗಲು ಬೇಕಾದ ಅನುಭವ ಕಾಗದದ ಮೇಲೆ ಕೂಡುವುದಿಲ್ಲ.

ಇನ್ನು ಅಂದಾಜಿನ ಮಾತು. ಇಲಾಖೆಯ ಅಂದಾಜು ದರಪಟ್ಟಿಯಿಂದ ಹುಟ್ಟುತ್ತದೆ. ಒಂದು ಘನ ಮೀಟರ್ ಅಗೆತಕ್ಕೆ ಇಷ್ಟು, ಒಂದು ಘನ ಮೀಟರ್ ಕಾಂಕ್ರೀಟಿಗೆ ಇಷ್ಟು ಎಂದು ಬಾಬುವಾರು ದರ. ಆ ದರದೊಳಗೇ ಗುತ್ತಿಗೆದಾರನ ಲಾಭವೆಂದು ಶೇಕಡಾ ಹತ್ತರಷ್ಟನ್ನು ಸೇರಿಸುವುದು ರೂಢಿ. ಇದಕ್ಕೆ 'ಲೀಡ್', ಎಂದರೆ ಸಾಮಾನು ತರುವ ದೂರದ ವೆಚ್ಚ, ಕೂಡುತ್ತದೆ. ಪರಿಮಾಣದ ಲೆಕ್ಕ ಕಠಿಣವಲ್ಲ. ಒಂದು, ಒಂದೂವರೆ, ಮೂರರ ಪ್ರಮಾಣದ ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು ಎಂಟು ಚೀಲ ಸಿಮೆಂಟು ಬೇಡುತ್ತದೆ. ಕಬ್ಬಿಣದ ಸಲಾಕೆಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಸಿಗುತ್ತದೆ. ಇದು ಯಾವ ಹುಡುಗನಿಗೂ ಬರುತ್ತದೆ. ಎಡವುವುದು ಮಾಪಿನಲ್ಲಿ. ಮುಂಬಯಿ ಪ್ರಾಂತದ ಕಾಲದಿಂದ ನಮ್ಮ ಕಡೆ ಉಸುಕು, ಗರಸು, ಖಡಿಗಳನ್ನು 'ಬ್ರಾಸ್' ಲೆಕ್ಕದಲ್ಲಿ ಮಾರುತ್ತಾರೆ. ಒಂದು ಬ್ರಾಸ್ ಎಂದರೆ ನೂರು ಘನ ಅಡಿ, 2.83 ಘನ ಮೀಟರ್. ಕೊಳ್ಳುವುದು ಬ್ರಾಸಿನಲ್ಲಿ, ಹಣ ಬರುವುದು ಘನ ಮೀಟರಿನಲ್ಲಿ. ಸಾಲದುದಕ್ಕೆ, ತುಸು ತೇವವಿರುವ ಉಸುಕು ಉಬ್ಬಿಕೊಂಡು ಕಾಲುಭಾಗದಷ್ಟು ಹೆಚ್ಚು ಜಾಗ ಹಿಡಿಯುತ್ತದೆ. ಟ್ರ್ಯಾಕ್ಟರಿನಲ್ಲಿ ತುಂಬಿ ಕಂಡದ್ದು ಗಾರೆಯಲ್ಲಿ ಕುಗ್ಗುತ್ತದೆ. ಮುಧೋಳದ ಕವಿ ರನ್ನ ಬಳೆಗಾರರ ಮನೆಯವನು ಎಂಬುದನ್ನು ಸಾಹಿತ್ಯದ ಓದುಗರು ಬಲ್ಲರು. ಬಳೆಗಾರನ ದರದಲ್ಲಿ ಒಡೆದ ಬಳೆಯ ಬೆಲೆಯೂ ಸೇರಿರಲೇಬೇಕಷ್ಟೆ. ಈ ಕಸಬಿನಲ್ಲೂ ಹಾಗೆಯೇ.

ದರಪಟ್ಟಿ ಹೇಳದ ಸಂಗತಿಗಳನ್ನು ಊರು ಹೇಳುತ್ತದೆ. ಮುಧೋಳ, ಜಮಖಂಡಿಗಳ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪಾಯ ಅದನ್ನು ದಾಟಿ ಗಟ್ಟಿ ನೆಲ ಮುಟ್ಟುವವರೆಗೆ ಹೋಗಬೇಕು. ಬೀಳಗಿಯ ಗುಡ್ಡದ ಸೆರಗಿನಲ್ಲಾದರೆ ಒಂದು ಮೊಳ ಅಗೆಯುವಷ್ಟರಲ್ಲಿ ಬಂಡೆ ತಗಲಬಹುದು, ಮಣ್ಣಿನ ದರಕ್ಕೆ ಒಪ್ಪಿ ಬಂಡೆ ಒಡೆಯುವ ಪಾಡು ಬಂದೀತು. ಕೃಷ್ಣೆ, ಘಟಪ್ರಭೆಗಳ ದಂಡೆಯ ಕೆಲಸವನ್ನು ಹೊಳೆ ಬರುವುದಕ್ಕೆ ಮೊದಲೇ ಮೇಲೆತ್ತಬೇಕು. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಆ ಊರಿನ ಗೋಡೆಗಳೇ ತೋರಿಸುತ್ತವೆ. ದರ ಬರೆಯುವ ಮುಂಚೆ ಹೋಗಿ ನೋಡಿದವನು ಜಾಣ. ಇನ್ನೊಂದು, ಕಬ್ಬು. ಕಾರ್ಖಾನೆಗಳು ನುರಿಸಲು ತೊಡಗಿದವೆಂದರೆ ಟ್ರ್ಯಾಕ್ಟರುಗಳೂ ಕೂಲಿಯವರೂ ಅತ್ತ ಹೋಗುತ್ತಾರೆ. ಮಳೆ ನಿಂತು ಕಟ್ಟಡದ ಕೆಲಸಕ್ಕೆ ಹದವಾದ ತಿಂಗಳುಗಳೂ ಕಬ್ಬಿನ ಹಂಗಾಮೂ ಒಂದೇ. ಜೂನಿನಲ್ಲಿ ಕೇಳಿದ ಬಾಡಿಗೆಯನ್ನು ಡಿಸೆಂಬರಿನ ಕೆಲಸಕ್ಕೆ ಹಿಡಿದವನು ಅಲ್ಲಿಯೇ ಸೋತ.

ನನ್ನ ಮಾವ ಸೋತದ್ದು ಮಣ್ಣಿನಲ್ಲಿ. ಮುಧೋಳ ತಾಲೂಕಿನ ಒಂದು ಹಳ್ಳಿಯ ಶಾಲೆಯ ಕೋಣೆಗಳು. ಪಾಯದ ಅಗೆತ ಮತ್ತು ಕಲ್ಲುಕಟ್ಟಡ ಇವರಿಗೆ, ಒಟ್ಟು ಮೊತ್ತಕ್ಕೆ. ಮಾವ ಆಳದ ಮಾತು ತೆಗೆದಾಗ ಮೂಲ ಗುತ್ತಿಗೆದಾರರು, "ಅಂದಾಜ ಇಲಾಖೆಯವರ ಮಾಡ್ಯಾರ ಕಾಕಾ, ನೀವ್ಯಾಕ ತಲಿ ಕೆಡಿಸ್ಕೋತೀರಿ?" ಎಂದರು. ಅಂದಾಜಿನಲ್ಲಿ ಪಾಯದ ಉದ್ದ ನಲವತ್ತು ಮೀಟರ್, ಅಗಲ 0.9, ಆಳ 1.2, ಒಟ್ಟು 43.2 ಘನ ಮೀಟರ್. ಅಗೆದಾಗ ಎರೆಮಣ್ಣು ಮುಗಿಯಲಿಲ್ಲ. ಇಂಜಿನಿಯರು ಬಂದು ಇನ್ನೂ ಇಳಿಸಿರಿ ಎಂದರು, ಅವರು ಹೇಳಿದ್ದು ಸರಿಯೇ ಆಗಿತ್ತು. 1.8 ಮೀಟರಿಗೆ ಗಟ್ಟಿ ಗರಸು ಸಿಕ್ಕಿತು. ಅಗೆತ 64.8 ಘನ ಮೀಟರ್, ಒಂದೂವರೆ ಪಟ್ಟು. ಅಗೆದ ಮಣ್ಣು ಸಡಿಲಾಗಿ ಇನ್ನೂ ಹಿಗ್ಗುತ್ತದೆ, ಅದನ್ನು ಸಾಗಿಸಬೇಕು. ಹೆಚ್ಚಾದ ಆಳಕ್ಕೆ ಕಲ್ಲೂ ಗಾರೆಯೂ ಬೇಕು. ಇಲಾಖೆಯ ಅಳತೆ ಪುಸ್ತಕದಲ್ಲಿ ಹೆಚ್ಚಿನ ಪರಿಮಾಣವನ್ನು ಬರೆದುಕೊಂಡರು. ಅದರ ಹಣವೂ ಮುಂದೆ ಬಂತು, ಆದರೆ ಮೂಲ ಗುತ್ತಿಗೆದಾರರಿಗೆ. ಮಾವನ ಹಾಳೆಯ ಮೇಲೆ ಒಟ್ಟು ಮೊತ್ತವಷ್ಟೇ ಇತ್ತಲ್ಲ. ಅನ್ಯಾಯವೆಂದು ನಾನು ಬಹಳ ದಿನ ಕುದಿದೆ. ಕರಾರಿನ ಪ್ರಕಾರ ಅದು ಅನ್ಯಾಯವಲ್ಲವೆಂಬುದು ತಿಳಿದಾಗ ಇನ್ನೂ ಬೇಸರವಾಯಿತು. ಅತ್ತೆಯ ಪಾಟ್ಲಿ ಆ ವರ್ಷ ಸರಾಫರ ಅಂಗಡಿಗೆ ಹೋದದ್ದು ಮರಳಿ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಕಂಡುಕೊಂಡದ್ದೆಂದರೆ, ಮಣ್ಣಿಗಿಂತಲೂ ಹೆಚ್ಚು ಜನರನ್ನು ಕೆಡವುವುದು ಕಾಯುವಿಕೆ. ಉಪಗುತ್ತಿಗೆದಾರ ಮಾರುವುದು ಕೆಲಸವನ್ನಷ್ಟೇ ಅಲ್ಲ, ಹಣ ಬರುವವರೆಗಿನ ತನ್ನ ತಾಳ್ಮೆಯನ್ನೂ. ಇದನ್ನು ಅವನು ದರದಲ್ಲಿ ಹಿಡಿಯುವುದಿಲ್ಲ. ಒಂದು ಉದಾಹರಣೆಯಿಂದ ನೋಡೋಣ. ಇಲಾಖೆಯ ಅಂದಾಜು ನೂರು ರೂಪಾಯಿ ಎನ್ನಿ. ಪೈಪೋಟಿಯಲ್ಲಿ ಮೂಲ ಗುತ್ತಿಗೆದಾರ ಶೇಕಡಾ ಹನ್ನೆರಡು ಕಡಿಮೆಗೆ, 88ಕ್ಕೆ ಹಿಡಿದ. ತನಗೆ ಎಂಟು ಇಟ್ಟುಕೊಂಡು ನಮ್ಮವನಿಗೆ 80 ಕೊಟ್ಟ. ದರಪಟ್ಟಿಯ ನೂರರಲ್ಲಿ ಲಾಭ ತೆಗೆದರೆ ಉಳಿಯುವ ವೆಚ್ಚವೇ ಸುಮಾರು 91. ಹಾಗಿದ್ದರೆ 80ಕ್ಕೆ ಹೇಗೆ ಮಾಡುತ್ತಾನೆ? ಎಲ್ಲ ಬಾಬುಗಳಲ್ಲೂ ಪೇಟೆಯ ದರ ದರಪಟ್ಟಿಗೆ ಸಮನಾಗಿರುವುದಿಲ್ಲ. ಯಂತ್ರದಿಂದ ಅಗೆದರೆ ಅಗ್ಗವಾದೀತು, ಮನೆಮಂದಿ ದುಡಿದರೆ ಮೇಲ್ವಿಚಾರಣೆಯ ಖರ್ಚು ಉಳಿದೀತು. ಹೀಗೆ ಹೆಣಗಿ ಎಪ್ಪತ್ತರಲ್ಲಿ ಮುಗಿಸಿದನೆನ್ನಿ. ಹತ್ತು ರೂಪಾಯಿ ಉಳಿಯಿತೆಂದು ಅವನ ಎಣಿಕೆ.

ಆದರೆ ಆ ಎಪ್ಪತ್ತು ಸಾಲದ ಹಣ. ಕೂಲಿಯವರಿಗೆ ಸಂತೆಯ ದಿನ ಬಟವಡೆ ತಪ್ಪುವಂತಿಲ್ಲ. ಬ್ಯಾಂಕು ಹಾಳೆಯಿಲ್ಲದ ಕರಾರಿಗೆ ಸಾಲ ಕೊಡದು. ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಯಂತೆ ಎಪ್ಪತ್ತಕ್ಕೆ ಒಂದು ರೂಪಾಯಿ ನಲವತ್ತು ಪೈಸೆ. ಆರು ತಿಂಗಳಿಗೆ 8.40. ಹತ್ತರಲ್ಲಿ ಉಳಿದದ್ದು 1.60. ಏಳನೆಯ ತಿಂಗಳಿಗೆ ಇಪ್ಪತ್ತು ಪೈಸೆ. ಎಂಟನೆಯ ತಿಂಗಳಿನಿಂದ ಅವನು ಸರಕಾರದ ಕಟ್ಟಡಕ್ಕೆ ತನ್ನ ಮನೆಯಿಂದ ಹಣ ಹಾಕುತ್ತಿದ್ದಾನೆ. ಇದರ ಮೇಲೆ ಭದ್ರತಾ ಠೇವಣಿಯೆಂದು ಬಿಲ್ಲಿನ ಒಂದು ಭಾಗ ಹಿಂದೆ ಉಳಿಯುತ್ತದೆ. ಸರಕು ಮತ್ತು ಸೇವಾ ತೆರಿಗೆಯಂತೂ ಹಣ ಕೈಸೇರಿದ ದಿನಕ್ಕಾಗಿ ಕಾಯುವುದಿಲ್ಲ, ಬಿಲ್ಲು ಬರೆದೊಡನೆ ಹೊಣೆ ಹುಟ್ಟುತ್ತದೆ. ಸರಕಾರಿ ಕಾಮಗಾರಿಗಳ ಮೇಲಿನ ಆ ತೆರಿಗೆ 2022ರ ಜುಲೈ 18ರಂದು ಶೇಕಡಾ ಹನ್ನೆರಡರಿಂದ ಹದಿನೆಂಟಕ್ಕೆ ಏರಿತು. 'ತೆರಿಗೆ ಸಹಿತ' ಎಂಬ ಎರಡು ಪದಗಳಿಗೆ ಸಹಿ ಹಾಕಿದ್ದವರ ಹತ್ತು ರೂಪಾಯಿಯಲ್ಲಿ ಗಣನೀಯ ಭಾಗ ಆ ಒಂದೇ ದಿನದಲ್ಲಿ ಕರಗಿರಬೇಕು.

ರಬಕವಿ, ಬನಹಟ್ಟಿಯ ನೇಕಾರರಿಗೆ ಈ ಲೆಕ್ಕ ಹೊಸದಲ್ಲ. ಸ್ವಂತ ನೂಲು ಕೊಂಡು ಸೀರೆ ನೇಯ್ದು ಮಾರುವವರೂ ಅಲ್ಲಿದ್ದಾರೆ, ಮಾಲಕರು ಕೊಟ್ಟ ನೂಲನ್ನು ಕೂಲಿಗೆ ನೇಯ್ದು ಕೊಡುವವರೂ ಇದ್ದಾರೆ. ಕಟ್ಟಡದಲ್ಲಿಯೂ ಸಾಮಾನು ಸಹಿತ ದರ, ಬರಿಯ ಕೂಲಿ ದರ ಎಂದು ಎರಡುಂಟು. ಸಿಮೆಂಟು, ಕಬ್ಬಿಣ, ಉಸುಕನ್ನು ಮೂಲ ಗುತ್ತಿಗೆದಾರನೇ ಒದಗಿಸಿ ಕೆಲಸವನ್ನಷ್ಟೇ ಇವನು ಮಾಡಿದರೆ ಲಾಭ ಚಿಕ್ಕದು, ಆದರೆ ಸಿಕ್ಕಿಕೊಳ್ಳುವ ಹಣವೂ ಚಿಕ್ಕದು. ಕೈಯಲ್ಲಿ ಬಂಡವಾಳವಿಲ್ಲದವನಿಗೆ ಕೂಲಿ ದರವೇ ಲೇಸೆಂದು ನನ್ನ ಅಭಿಪ್ರಾಯ. ಮಾವ ಇದನ್ನು ಒಪ್ಪುತ್ತಿರಲಿಲ್ಲ. ಕೂಲಿ ದರಕ್ಕೆ ಇಳಿದವನನ್ನು ಗುತ್ತಿಗೆದಾರನೆಂದು ಯಾರು ಕರೆಯುತ್ತಾರೆ ಎನ್ನುತ್ತಿದ್ದರು.

ಕಾಯುವಿಕೆಯ ಬೆಲೆ ಎಷ್ಟು ದೊಡ್ಡದೆಂಬುದು ಅದು ಇಲ್ಲದ ಕಡೆ ಚೆನ್ನಾಗಿ ಕಾಣುತ್ತದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ರೈತರೇ ಒಂದು ಬ್ಯಾರೇಜು ಕಟ್ಟಿಕೊಂಡರು. ಮುಂದೆ 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿ ಬಂದ ಸಿದ್ದು ನ್ಯಾಮಗೌಡರು ಅದರ ಮುಂದಾಳು. ಹಣ ರೈತರದು, ಬೆವರು ರೈತರದು. ಅದಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರಾಯಿತು. ಅಲ್ಲಿ ಕೆಲಸ ಹೇಳುವವರೂ ಹಣ ಕೊಡುವವರೂ ನೀರು ಕಾಯುತ್ತಿರುವವರೂ ಒಬ್ಬರೇ. ಮೂರು ಕೈ ದಾಟಿ ಬರುವ ಬಿಲ್ಲು ಅಲ್ಲಿರಲಿಲ್ಲ. ಎಲ್ಲ ಕೆಲಸವನ್ನೂ ಹಾಗೆ ಮಾಡಲು ಬರುವುದಿಲ್ಲ ನಿಜ. ಶಾಲೆಯ ಕೋಣೆಗೆ ಟೆಂಡರು ಬೇಕು, ಲೆಕ್ಕ ತಪಾಸಣೆ ಬೇಕು. ಆದರೆ ಆ ವ್ಯವಸ್ಥೆಯ ವಿಳಂಬಕ್ಕೆ ತಗಲುವ ಬಡ್ಡಿಯನ್ನು ಅದರ ಅತ್ಯಂತ ಕೆಳಗಿನ ಮೆಟ್ಟಿಲಿನವನೇ ಏಕೆ ತೆರಬೇಕು?

ಶಾಲೆಯ ಕೆಲಸದ ಎರಡು ವರ್ಷದ ತರುವಾಯ ಮಾವ ಮತ್ತೊಂದು ಉಪಗುತ್ತಿಗೆ ಹಿಡಿದರು, ಬೀಳಗಿಯ ಕಡೆ ಒಂದು ಗಟಾರದ ಕಟ್ಟಡ. ಈ ಸಲ ಕರಾರಿನ ಹಾಳೆಯನ್ನು ನನ್ನ ಕೈಯಿಂದ ಬರೆಯಿಸಿದರು. ಇಲಾಖೆಯ ಅಳತೆ ಪುಸ್ತಕದಲ್ಲಿ ಬಂದ ಪರಿಮಾಣವೇ ನಮಗೂ ಪರಿಮಾಣ, ಬಾಬುವಾರು ದರದಂತೆ ಹಣ, ಎಂಬುದು ಒಂದು ಕಲಮು. ಅಳತೆಯಾದ ಅರವತ್ತು ದಿನಗಳೊಳಗೆ ಹಣ ಬಾರದಿದ್ದರೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ, ಎಂಬುದು ಇನ್ನೊಂದು. ಮೂಲ ಗುತ್ತಿಗೆದಾರರು ಓದಿದರು. ಮೊದಲನೆಯದಕ್ಕೆ ತಲೆಯಾಡಿಸಿದರು. ಎರಡನೆಯದರ ಮೇಲೆ ನನ್ನ ಪೆನ್ನನ್ನೇ ಇಸಿದುಕೊಂಡು ಒಂದು ಗೆರೆ ಎಳೆದು, ಕೆಳಗೆ ಸಹಿ ಮಾಡಿ, ಹಾಳೆಯನ್ನು ಮಾವನ ಕಡೆಗೆ ಸರಿಸಿದರು. ಮಾವ ತುಸು ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ತಾವು ಬರೆದಿದ್ದ ದರಗಳಿಗೆಲ್ಲ ನೂರಕ್ಕೆ ಆರರಂತೆ ಕೂಡಿಸಿ ಹೊಸ ಹಾಳೆ ಬರೆಯಲು ನನಗೆ ಹೇಳಿದರು.