ಹಳೇ ಶೆವರ್ಲೆಗೆ ಮನೆಮಂದಿಯ ಓವರ್‌ಹಾಲ್

1947ರ ಜೂನ್ 28ರಂದು ಅಮೆರಿಕದ ಶೋರೂಮುಗಳಲ್ಲಿ ಒಂದು ಹೊಸ ಪಿಕಪ್ ಟ್ರಕ್ ಬಂದು ನಿಂತಿತು. ಯುದ್ಧಕಾಲದಲ್ಲಿ ಜನಸಾಮಾನ್ಯರಿಗೆ ಗಾಡಿ ತಯಾರಿಸುವುದನ್ನೇ ಕಾರ್ಖಾನೆಗಳು ನಿಲ್ಲಿಸಿದ್ದವು. ರೈತರು ಹಳೆಯದಕ್ಕೇ ತೇಪೆ ಹಾಕಿಕೊಂಡು ದಿನ ದೂಡಿದ್ದರು. ಹಾಗಾಗಿ ಯುದ್ಧ ಮುಗಿದ ಮೇಲೆ ಜನರಲ್ ಮೋಟರ್ಸ್ ಪೂರ್ತಿ ಹೊಸದಾಗಿ ವಿನ್ಯಾಸ ಮಾಡಿ ಮೊದಲು ಮಾರುಕಟ್ಟೆಗೆ ಬಿಟ್ಟದ್ದು ಕಾರನ್ನಲ್ಲ, ಶೆವರ್ಲೆ ಟ್ರಕ್ಕುಗಳ ಸಾಲನ್ನು. ಅದರ ಹೆಸರು ‘ಅಡ್ವಾನ್ಸ್ ಡಿಸೈನ್’. ಅದರಲ್ಲಿ ಅರ್ಧ ಟನ್ನಿನ ಚಿಕ್ಕ ಪಿಕಪ್ಪೇ 3100. ಗುಂಡನೆಯ ಮಡ್‌ಗಾರ್ಡು, ಮುಂದೆ ಅಡ್ಡಕ್ಕೆ ಐದು ಪಟ್ಟಿಯ ಜಾಲರಿ, ಒಳಗೆ ಮೂವರು ಒತ್ತಾಗಿ ಕೂರುವ ಒಂದೇ ಸೀಟು. 1955ರ ಆರಂಭದವರೆಗೂ ಇದು ಹೆಚ್ಚು ಬದಲಾಗದೆ ತಯಾರಾಯಿತು.

ಇವತ್ತು ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಹಳೇ ಪಿಕಪ್ ರಿಪೇರಿಗೆ ಕೈಹಾಕುವ ಕುಟುಂಬಗಳ ಅಚ್ಚುಮೆಚ್ಚಿನ ಗಾಡಿಗಳಲ್ಲಿ ಇದೂ ಒಂದು. ನೋಡಲು ಮುದ್ದಾಗಿದೆ ಎಂಬುದು ಅರ್ಧ ಕಾರಣ ಮಾತ್ರ. ವರ್ಕ್‌ಶಾಪು ಹತ್ತಾರು ಮೈಲಿ ದೂರವಿದ್ದ ರೈತ ತನ್ನ ಕೊಟ್ಟಿಗೆಯಲ್ಲೇ ಬಿಚ್ಚಿ ಜೋಡಿಸಬಲ್ಲ ಗಾಡಿ ಇದು. ಬೋನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಬದಿಯಲ್ಲಿ ಕೈ ಮಾತ್ರವಲ್ಲ, ಹುಡುಗನೊಬ್ಬ ಅರ್ಧ ಮೈಯನ್ನೇ ತೂರಿಸುವಷ್ಟು ಜಾಗ. ಕಂಪ್ಯೂಟರ್ ಇಲ್ಲ, ಸೆನ್ಸಾರ್ ಇಲ್ಲ. ವಯರಿಂಗ್ ನಕ್ಷೆಯನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ಕಂಪನಿ ಅಂದು ಮೆಕ್ಯಾನಿಕ್ಕುಗಳಿಗೆಂದು ಅಚ್ಚು ಹಾಕಿಸಿದ ರಿಪೇರಿ ಕೈಪಿಡಿ ಈಗಲೂ ಮರುಮುದ್ರಣವಾಗಿ ಸಿಗುತ್ತದೆ. ಅದನ್ನು ಹೈಸ್ಕೂಲಿನ ಹುಡುಗಿಯೂ ಓದಿ ಅರ್ಥ ಮಾಡಿಕೊಳ್ಳಬಹುದು.

ಈ ಗಾಡಿಗಳು ಸಿಗುವ ರೀತಿಯೂ ಹೆಚ್ಚುಕಡಿಮೆ ಒಂದೇ. ಅಜ್ಜ ಕೊಂಡದ್ದು, ಅಪ್ಪ ಡ್ರೈವಿಂಗ್ ಕಲಿತದ್ದು, ಎಂಜಿನ್ ಜಾಮ್ ಆದ ಮೇಲೆ ಹುಲ್ಲಿನ ಕೊಟ್ಟಿಗೆಯ ಮೂಲೆ ಸೇರಿದ್ದು. ಹೊರಗೆ ಎಳೆದ ಕೂಡಲೇ ಸ್ಪ್ಯಾನರ್ ಹಿಡಿಯುವ ಹಾಗಿಲ್ಲ. ಸೀಟಿನ ಸ್ಪ್ರಿಂಗಿನ ನಡುವೆ ಇಲಿಗಳ ಸಂಸಾರ ಇರುತ್ತದೆ. ಅಮೆರಿಕದ ಪಶ್ಚಿಮ ಭಾಗದಲ್ಲಿ ಹೊಲದಿಲಿಯ ಹಿಕ್ಕೆ, ಮೂತ್ರ ಒಣಗಿದ ಧೂಳಿನಿಂದ ಹಂಟಾವೈರಸ್ ಎಂಬ ವೈರಾಣುವಿನ ಶ್ವಾಸಕೋಶದ ಕಾಯಿಲೆ ಹರಡುತ್ತದೆ. ಅಪರೂಪವಾದರೂ ಪ್ರಾಣಕ್ಕೇ ಎರವಾಗುವಂಥದ್ದು. ಅದಕ್ಕೇ ಪೊರಕೆ ಹಿಡಿದು ಗುಡಿಸದೆ, ಬ್ಲೀಚ್ ಬೆರೆಸಿದ ನೀರು ಚಿಮುಕಿಸಿ, ನೆನೆಸಿ, ಕೈಗವಸು ಹಾಕಿಕೊಂಡು ಒರೆಸಿ ತೆಗೆಯಬೇಕು. ಈ ಕೆಲಸ ದೊಡ್ಡವರದು.

ಆಮೇಲೆ ಕಾಗದಪತ್ರ. ಡ್ರೈವರ್ ಬಾಗಿಲಿನ ಕಂಬಕ್ಕೆ ಹೊಡೆದ ಸಣ್ಣ ತಗಡಿನ ಮೇಲೆ ಗಾಡಿಯ ಜಾತಕವೇ ಇರುತ್ತದೆ. ಮೊದಲ ಅಂಕಿ ಕಾರ್ಖಾನೆಯ ಊರು: 3 ಇದ್ದರೆ ಸೇಂಟ್ ಲೂಯಿಸ್, 5 ಇದ್ದರೆ ಕ್ಯಾನ್ಸಸ್ ಸಿಟಿ. ಮುಂದಿನ ಅಕ್ಷರಗಳು ವರ್ಷ ಹೇಳುತ್ತವೆ. ಎಚ್‌ಪಿ ಅಂದರೆ 1950, ಜೆಪಿ 1951, ಕೆಪಿ 1952. ತೊಡಕು ಇರುವುದು ಬೇರೆ ಕಡೆ. ಕೆಲವು ರಾಜ್ಯಗಳು ಆ ಕಾಲದಲ್ಲಿ ಗಾಡಿಯನ್ನು ಎಂಜಿನ್ ನಂಬರಿನ ಮೇಲೆ ನೋಂದಾಯಿಸುತ್ತಿದ್ದವು. ನಡುವೆ ಎಂದೋ ಎಂಜಿನ್ ಬದಲಾಗಿದ್ದರೆ ಕಾಗದದ ಗಾಡಿಯೇ ಬೇರೆ, ಕೊಟ್ಟಿಗೆಯ ಗಾಡಿಯೇ ಬೇರೆ! ಬಣ್ಣಕ್ಕೆ ದುಡ್ಡು ಸುರಿಯುವ ಮೊದಲು ಇದನ್ನು ಸರಿಮಾಡಿಕೊಂಡವರೇ ಜಾಣರು.

ಎಂಜಿನ್ ವಿಷಯಕ್ಕೆ ಬಂದರೆ, ಸಾಲಾಗಿ ಆರು ಸಿಲಿಂಡರು, 216.5 ಘನ ಅಂಗುಲ. ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಲೀಟರು. ಶಕ್ತಿ ಬರೀ 90 ಅಶ್ವಶಕ್ತಿ. ಜಾಮ್ ಆಗಿದ್ದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆರೂ ತೂತಿಗೆ ತೆಳು ಎಣ್ಣೆ ಸುರಿದು, ದಿನಗಟ್ಟಲೆ ಬಿಟ್ಟು, ಆಮೇಲೆ ಕೈಯಿಂದಲೇ ಹಿಂದೆ ಮುಂದೆ ಅಲುಗಿಸಬೇಕು. ಆತುರಕ್ಕೆ ಬಿದ್ದು ಸೆಲ್ಫ್ ಹೊಡೆದರೆ ಪಿಸ್ಟನ್ ರಿಂಗು ಮುರಿದು ಬೋರು ಗೀರಿ ಹೋಗುತ್ತದೆ. ಅಂದಹಾಗೆ ಸೆಲ್ಫ್‌ಗೆ ಇಲ್ಲಿ ಬಟನ್ ಇಲ್ಲ. ಆಕ್ಸಿಲರೇಟರ್ ಪಕ್ಕದಲ್ಲೇ ಇರುವ ಇನ್ನೊಂದು ಪೆಡಲನ್ನು ಕಾಲಲ್ಲಿ ಒತ್ತಬೇಕು. ಹೊಸ ತಲೆಮಾರಿಗೆ ಇದೇ ಒಂದು ಆಟ.

ಈ ಎಂಜಿನ್ನಿನ ಬೇರಿಂಗುಗಳು ಈಗಿನಂತೆ ಅಂಗಡಿಯಲ್ಲಿ ತಂದು ಕೂರಿಸುವ ಬಿಲ್ಲೆಗಳಲ್ಲ. ಬ್ಯಾಬಿಟ್ ಎಂಬ ಮೆದು ಲೋಹವನ್ನು ಕರಗಿಸಿ ನೇರವಾಗಿ ಕನೆಕ್ಟಿಂಗ್ ರಾಡಿನೊಳಗೇ ಎರಕ ಹೊಯ್ದದ್ದು. ರಾಡಿನ ತಳದಲ್ಲಿ ಪುಟ್ಟ ಸೌಟಿನಂಥ ಮೂತಿ. ಪ್ರತಿ ಸುತ್ತಿಗೂ ಅದು ಎಣ್ಣೆಯಲ್ಲಿ ಮುಳುಗೆದ್ದು ಬೇರಿಂಗಿಗೆ ಎಣ್ಣೆ ಕುಡಿಸುತ್ತದೆ. ಸವೆದರೆ ನಡುವೆ ಇಟ್ಟಿರುವ ಕಾಗದದಷ್ಟು ತೆಳುವಾದ ಶಿಮ್ ತಗಡುಗಳಲ್ಲಿ ಒಂದನ್ನು ತೆಗೆದು ಬಿಗಿ ಮಾಡುವುದು. ಹೊಲದ ಬದುವಿನಲ್ಲಿ ಮಲಗಿ ಮಾಡಬಹುದಾಗಿದ್ದ ರಿಪೇರಿ! ಆದರೆ ಬ್ಯಾಬಿಟ್ ಪೂರ್ತಿ ಹೋಗಿದ್ದರೆ ಮನೆಯಲ್ಲಿ ಏನೂ ಮಾಡಲಾಗದು. ಎರಕ ಹೊಯ್ಯುವ ಕಸುಬುದಾರರು ಅಮೆರಿಕದಲ್ಲೂ ಬೆರಳೆಣಿಕೆಯಷ್ಟು. ಆಗ ಬಹಳಷ್ಟು ಜನ 1954ರಿಂದ ಈ ಪಿಕಪ್ಪಿಗೆ ಬಂದ, ಎಣ್ಣೆಯನ್ನು ಒತ್ತಡದಲ್ಲಿ ಹರಿಸುವ 235 ಘನ ಅಂಗುಲದ ಎಂಜಿನ್ ಹುಡುಕಿ ಕೂರಿಸುತ್ತಾರೆ. ಅದೂ ಅದೇ ಮನೆತನದ್ದು, ಅದೇ ಜಾಗದಲ್ಲಿ ಕೂರುತ್ತದೆ. ಇದನ್ನು ಕಲಬೆರಕೆ ಎನ್ನುವುದು ಮಡಿವಂತಿಕೆಯಷ್ಟೇ.

ಬ್ಯಾಟರಿ 6 ವೋಲ್ಟಿನದು. ‘ಆರು ವೋಲ್ಟಿಗೆ ಗಾಡಿ ಸ್ಟಾರ್ಟ್ ಆಗುವುದೇ ಕಷ್ಟ’ ಎಂಬ ದೂರು ಎಲ್ಲೆಡೆ ಕೇಳುತ್ತದೆ. ಅನೇಕ ಸಲ ತಪ್ಪು ವೋಲ್ಟಿನದಲ್ಲ, ಕೇಬಲ್ಲಿನದು. ಅಷ್ಟೇ ಶಕ್ತಿಗೆ 12 ವೋಲ್ಟಿಗಿಂತ ಎರಡರಷ್ಟು ಕರೆಂಟ್ ಹರಿಯಬೇಕು, ಅದಕ್ಕೆ ಹೆಬ್ಬೆರಳು ದಪ್ಪದ ಕೇಬಲ್ ಬೇಕು. ಯಾರೋ ಎಂದೋ ಅಂಗಡಿಯಲ್ಲಿ ಸಿಕ್ಕ ತೆಳು ಕೇಬಲ್ ಹಾಕಿ, ಬಣ್ಣದ ಮೇಲೇ ಅರ್ತ್ ಕೊಟ್ಟು ಬಿಗಿದಿರುತ್ತಾರೆ. ದಪ್ಪ ಕೇಬಲ್ ಹಾಕಿ, ಅರ್ತ್ ಕೊಡುವ ಜಾಗವನ್ನು ಬರಿಯ ಕಬ್ಬಿಣ ಕಾಣುವ ತನಕ ಉಜ್ಜಿದರೆ ಅದೇ ಗಾಡಿ ಚಟ್ಟನೆ ಹೊತ್ತಿಕೊಳ್ಳುತ್ತದೆ.

ತುಕ್ಕು ಬಿಡಿಸುವುದು ಮಕ್ಕಳಿಗೆ ಅತ್ಯಂತ ಇಷ್ಟವಾಗುವ ಭಾಗ, ಏಕೆಂದರೆ ಅಲ್ಲಿ ಶಾಲೆಯ ರಸಾಯನಶಾಸ್ತ್ರ ಕಣ್ಣೆದುರೇ ನಡೆಯುತ್ತದೆ. ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿ ಗ್ಯಾಲನ್ನಿಗೆ ಒಂದು ಚಮಚದಂತೆ ವಾಷಿಂಗ್ ಸೋಡಾ ಕರಗಿಸುತ್ತಾರೆ. ತುಕ್ಕು ಹಿಡಿದ ಬಾಗಿಲಿನ ಕೀಲನ್ನು ತಂತಿಯಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ನೆಗೆಟಿವ್ ತುದಿಯನ್ನು ಅದಕ್ಕೆ ಸಿಕ್ಕಿಸುವುದು. ಪಾಸಿಟಿವ್ ತುದಿ ಟಬ್ಬಿನ ಅಂಚಿಗೆ ನಿಲ್ಲಿಸಿದ ಗುಜರಿ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಕೀಲಿನ ಮೈಯಿಂದ ಸಣ್ಣ ಗುಳ್ಳೆಗಳು ಏಳತೊಡಗುತ್ತವೆ, ನೀರಿನ ಮೇಲೆ ಕಂದು ನೊರೆ ಕಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು ಕಪ್ಪು ಪುಡಿಯಾಗಿ, ಬ್ರಷ್ಷಿಗೆ ಸಲೀಸಾಗಿ ಉದುರುತ್ತದೆ. ಏಳುವ ಗುಳ್ಳೆ ಹೈಡ್ರೋಜನ್ ಆದ್ದರಿಂದ ಇದನ್ನು ಬಯಲಲ್ಲಿ, ಕಿಡಿ ಬೆಂಕಿ ಇಲ್ಲದ ಕಡೆ ಮಾಡಬೇಕು. ಕೈ ಹಾಕುವ ಮೊದಲು ಸ್ವಿಚ್ ಆರಿಸಬೇಕು. ಗುಜರಿ ಕಬ್ಬಿಣದ ಬದಲು ಸ್ಟೇನ್‌ಲೆಸ್ ಸ್ಟೀಲ್ ಇಟ್ಟರೆ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಅಡುಗೆಮನೆಯ ಹಳೇ ಚಮಚ ತಂದು ಹಾಕುವ ಚಪಲ ಬೇಡ. ಹೊರಗೆ ತೆಗೆದ ಕೂಡಲೇ ತೊಳೆದು ಒಣಗಿಸಿ ಪ್ರೈಮರ್ ಬಳಿಯದಿದ್ದರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮತ್ತೆ ಕೆಂಪು.

ಟಬ್ಬಿನಲ್ಲಿ ಮುಳುಗದ ಭಾಗಗಳದ್ದೇ ನಿಜವಾದ ತಲೆನೋವು. ಕ್ಯಾಬಿನ ಹಿಂದಿನ ಕೆಳಮೂಲೆಗಳು, ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ತಗಡು: ಮಣ್ಣು ಸೇರಿ ನೀರು ನಿಲ್ಲುವ ಕಡೆಯೆಲ್ಲ ತೂತು. ಎಷ್ಟೋ ಗಾಡಿಗಳಲ್ಲಿ ಹಿಂದಿನವರು ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುತ್ತಾರೆ. ಅಂಗಿಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಗಾಡಿ ನೋಡಲು ಹೋಗುವವರು ಈ ಪುಟ್ಟಿಯನ್ನು ಸುಲಭವಾಗಿ ಹಿಡಿಯುತ್ತಾರೆ. ಟಿಂಕರಿಂಗ್ ಕೆಲಸಕ್ಕೆ ಮಿಗ್ ವೆಲ್ಡಿಂಗ್ ಯಂತ್ರ ಬೇಕು, ಅದಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಒಂದೇ ಸಮನೆ ಬೆಸುಗೆ ಎಳೆದರೆ ತಗಡು ಕಾದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಿದ ಮೇಲೆ ಮತ್ತೊಂದು. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚಾದ್ದರಿಂದ ಅದನ್ನು ಉಜ್ಜುವಾಗ ಮಾಸ್ಕ್ ಬೇಕೇ ಬೇಕು, ಚಿಕ್ಕ ಮಕ್ಕಳು ಆ ಸುತ್ತ ಸುಳಿಯಬಾರದು.

ಮಕ್ಕಳಿಗೆ ಮಾಡಲು ಬೇರೆ ಕೆಲಸ ಬೇಕಾದಷ್ಟಿದೆ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಹೆಸರು ಬರೆಯುವುದು, ಬಿಚ್ಚುವ ಮೊದಲು ಫೋಟೊ ತೆಗೆಯುವುದು, ದೊಡ್ಡವರ ಕೈ ಹೋಗದ ಮಡ್‌ಗಾರ್ಡಿನ ಸಂದಿಯಲ್ಲಿ ನಟ್ಟು ಹಿಡಿದುಕೊಳ್ಳುವುದು. ಇದು ಮಕ್ಕಳನ್ನು ಸುಮ್ಮನಿರಿಸಲು ಕೊಡುವ ಕೆಲಸವಲ್ಲ. ಬಿಚ್ಚುವುದಕ್ಕೂ ಜೋಡಿಸುವುದಕ್ಕೂ ನಡುವೆ ವರ್ಷಗಳೇ ಕಳೆಯಬಹುದು. ಅಷ್ಟು ಹೊತ್ತಿಗೆ ಯಾವ ವಾಷರ್ ಎಲ್ಲಿಯದು ಎಂದು ಹೇಳುವುದು ಆ ಚೀಲದ ಮೇಲಿನ ಮಗುವಿನ ಅಕ್ಷರ ಮಾತ್ರ.

ಬ್ರೇಕಿನಲ್ಲಿ ಮಾತ್ರ ಯಾವ ಮುಲಾಜೂ ಇಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಎಲ್ಲಕ್ಕೂ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಎಣ್ಣೆದಾರಿ. ಎಲ್ಲೋ ಒಂದು ಕಡೆ ಪೈಪು ಸೋರಿತೆಂದರೆ ನಾಲ್ಕಕ್ಕೆ ನಾಲ್ಕೂ ಕೈಕೊಡುತ್ತವೆ. ಆ ಮಾಸ್ಟರ್ ಸಿಲಿಂಡರು ಇರುವುದೂ ಡ್ರೈವರಿನ ಕಾಲಡಿ, ನೆಲದ ತಗಡಿನ ಕೆಳಗೆ. ಕಣ್ಣಿಗೆ ಬೀಳದ್ದರಿಂದ ಎಣ್ಣೆ ನೋಡುವುದೂ ಮರೆತುಹೋಗುತ್ತದೆ. 1950ರವರೆಗಿನ ಗಾಡಿಗಳಲ್ಲಿ ಹಕ್ ಮಾದರಿಯ ಬ್ರೇಕಿತ್ತು, 1951ರಿಂದ ಬೆಂಡಿಕ್ಸ್ ಬಂತು. ಹಕ್ ಬ್ರೇಕಿನ ಬಿಡಿಭಾಗ ಸಿಗುವುದೂ ಹೊಂದಿಸುವುದೂ ಎರಡೂ ತ್ರಾಸು. ಹಳೇ ಬ್ರೇಕ್ ಷೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಮಾಡಿಯೇ ಒರೆಸಬೇಕು. ಎಂಜಿನ್ ಗುಡುಗಿದ ದಿನ ಮನೆಮಂದಿಯೆಲ್ಲ ‘ಒಂದು ಸುತ್ತು ಹೋಗೋಣ’ ಎನ್ನುತ್ತಾರೆ, ಅದು ಸಹಜ. ಪೈಪು, ಹೋಸು, ಚಕ್ರದ ಸಿಲಿಂಡರು ಅಷ್ಟೂ ಹೊಸದಾಗುವ ತನಕ ಬೀಗದಕೈ ಕೊಡದಿರುವ ಹಿರಿಯರೊಬ್ಬರು ಅಲ್ಲಿರಬೇಕು. ಗಾಡಿಯಲ್ಲಿ ಸೀಟ್ ಬೆಲ್ಟ್ ಇರಲಿಲ್ಲ ಎಂಬುದನ್ನೂ, 1949ರಿಂದ ಪೆಟ್ರೋಲ್ ಟ್ಯಾಂಕ್ ಕ್ಯಾಬಿನೊಳಗೇ ಸೀಟಿನ ಬೆನ್ನಿಗೆ ಬಂದು ಕೂತಿತ್ತು ಎಂಬುದನ್ನೂ ಇದರ ಜೊತೆಗೆ ನೆನೆಯಬೇಕು. ಮೂಲರೂಪ ಕೆಡುತ್ತದೆಂದು ಬೆಲ್ಟ್ ಹಾಕಿಸದವರ ವಾದ ಎಷ್ಟು ಕೇಳಿದರೂ ಒಪ್ಪಿಗೆಯಾಗುವುದಿಲ್ಲ.

ಹಿಂದಿನ ತೊಟ್ಟಿಯ ತಳ ಮರದ್ದು. ನಡುನಡುವೆ ಉಕ್ಕಿನ ಪಟ್ಟಿ, ಬೋಲ್ಟು. ಮುರಿದರೆ ಒಂದು ಹಲಗೆ ಮಾತ್ರ ಬದಲಿಸಿದರಾಯಿತು ಎಂಬ ಅನುಕೂಲ. ಕಾರ್ಖಾನೆ ಹಾಕಿದ್ದು ಬಣ್ಣ ಬಳಿದ ಸಾದಾ ಪೈನ್. ಈಗ ಎಲ್ಲರೂ ಓಕ್ ಹಲಗೆಗೆ ಕನ್ನಡಿಯಂತೆ ಹೊಳೆಯುವ ವಾರ್ನಿಷ್ ಹಚ್ಚುತ್ತಾರೆ. ಚೆಂದವೇ, ಆದರೆ ಅದರ ಮೇಲೆ ಗೊಬ್ಬರದ ಮೂಟೆ ಎಳೆಯಲು ಯಾರಿಗೆ ಮನಸ್ಸು ಬಂದೀತು?

ಬಿಡಿಭಾಗದ ಚಿಂತೆ ಮಾತ್ರ ಅಷ್ಟಿಲ್ಲ. ಇಡೀ ಮಡ್‌ಗಾರ್ಡಿನಿಂದ ಹಿಡಿದು ಕಿಟಕಿಯ ರಬ್ಬರಿನವರೆಗೆ ಹೊಸದಾಗಿ ತಯಾರಾಗಿ ಬರುತ್ತದೆ. ಈ ವ್ಯಾಪಾರದ ಹೆಸರಾಂತ ಕಂಪನಿಗಳಲ್ಲಿ ಕೆಲವು ಕ್ಯಾನ್ಸಸ್ ಸಿಟಿಯ ಸುತ್ತಮುತ್ತಲೇ ಇವೆ. ಎಲ್‌ಎಂಸಿ ಟ್ರಕ್ ಇರುವುದು ಪಕ್ಕದ ಲೆನೆಕ್ಸಾದಲ್ಲಿ. 1971ರಲ್ಲಿ ಹುಟ್ಟಿದ ಅಮೆರಿಕನ್ ಟ್ರಕ್ ಹಿಸ್ಟಾರಿಕಲ್ ಸೊಸೈಟಿಯ ಕಚೇರಿಯೂ ಕ್ಯಾನ್ಸಸ್ ಸಿಟಿಯಲ್ಲೇ ಇದೆ. ಈ ರೂಪದ ಮೋಹ ಕಂಪನಿಯನ್ನೂ ಬಿಟ್ಟಿಲ್ಲ: 2003ರಿಂದ 2006ರವರೆಗೆ ಶೆವರ್ಲೆ ಮಾರಿದ ಎಸ್‌ಎಸ್‌ಆರ್ ಎಂಬ ಪಿಕಪ್ ಈ ಹಳೇ ಮುಖದ ನೆನಪಿನಲ್ಲೇ ಮಾಡಿದ್ದು.

ನಮ್ಮವರಿಗೂ ಶೆವರ್ಲೆ ಹೊಸದಲ್ಲ. ಜನರಲ್ ಮೋಟರ್ಸ್ 1928ರಲ್ಲೇ ಮುಂಬೈನ ಶಿವಡಿಯಲ್ಲಿ ಜೋಡಣೆ ಕಾರ್ಖಾನೆ ತೆರೆದು, ಕಾರು, ಬಸ್ಸು, ಲಾರಿಗಳನ್ನು ಜೋಡಿಸಿ ಮಾರಿ, 1954ರಲ್ಲಿ ಬಾಗಿಲು ಹಾಕಿತು. ಇಲ್ಲಿ ರಾಜರ ಕಾರುಗಳು ಉಳಿದವು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರು ಕಟ್ಟಿಸಿದ ‘ಪಯಣ’ ಸಂಗ್ರಹಾಲಯಕ್ಕೆ ಹೋದವರು ಅಂಥ ಹಳೇ ಕಾರುಗಳನ್ನು ಸಾಲಾಗಿ ನೋಡಬಹುದು. ದುಡಿದ ಲಾರಿಗಳು ಹೆಚ್ಚಾಗಿ ಗುಜರಿ ಸೇರಿದವು.

ಮುಗಿದ 3100 ರಸ್ತೆಗಿಳಿದರೆ ಗಂಟೆಗೆ 70–80 ಕಿಲೋಮೀಟರಿಗೆ ನೆಮ್ಮದಿ. ಭಾರ ಎಳೆಯಲೆಂದೇ ಹಿಂದಿನ ಆಕ್ಸಲ್ಲಿಗೆ 4.11ರ ಹಲ್ಲಿನ ಅನುಪಾತ ಕೊಟ್ಟಿದ್ದರಿಂದ ಅದಕ್ಕಿಂತ ಹೆಚ್ಚು ಓಡಿಸಿದರೆ ಎಂಜಿನ್ ಅರಚುತ್ತದೆ. ನಂಬರ್ ಪ್ಲೇಟಿನ ಪ್ರಶ್ನೆ ಬರುವುದು ಆಗಲೇ. ಅಮೆರಿಕದ ಅನೇಕ ರಾಜ್ಯಗಳಲ್ಲಿ 25 ವರ್ಷ ದಾಟಿದ ಗಾಡಿಗೆ ‘ಪುರಾತನ’ ಪ್ಲೇಟು ಕಡಿಮೆ ಖರ್ಚಿನಲ್ಲಿ ಸಿಗುತ್ತದೆ, ಆದರೆ ಮೆರವಣಿಗೆ, ಪ್ರದರ್ಶನದಂಥ ಓಡಾಟಕ್ಕೆ ಮಾತ್ರ. ಭಾರತದಲ್ಲಿ 2021ರಲ್ಲಿ ಬಂದ ನಿಯಮದಲ್ಲೂ 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ವಾಹನಕ್ಕೆ ₹20,000 ಶುಲ್ಕದಲ್ಲಿ ‘ವಿಎ’ ಅಕ್ಷರವಿರುವ ವಿಂಟೇಜ್ ಸಂಖ್ಯೆ ಸಿಗುತ್ತದೆ. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಸೌದೆ ಹೇರಲು, ಪೇಟೆಯಿಂದ ದನದ ಮೇವು ತರಲು ಅದನ್ನು ಮತ್ತೆ ಬಳಸಬೇಕೆನ್ನುವ ಅಮೆರಿಕದ ಮನೆಯವರು ರಿಯಾಯಿತಿ ಬೇಡವೆಂದು, ಪೂರ್ತಿ ತೆರಿಗೆ ಕಟ್ಟಿ, ಮಾಮೂಲಿ ಟ್ರಕ್ಕಿನ ಪ್ಲೇಟನ್ನೇ ಹಾಕಿಸುತ್ತಾರೆ.